ವರದಿಗೆ ಸಿಗದ ಒಂದು ವರ್ಷ

ಕಳೆದ ಏಪ್ರಿಲ್‌ನಲ್ಲಿ ನಮ್ಮ ವಿಭಾಗದ ವಾರ್ಷಿಕ ವರದಿ ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂತು. ಸಂಶೋಧನಾ ವಿದ್ಯಾರ್ಥಿಗಳಿಗೆ ಇಂಥ ಕೆಲಸ ಹೊಸದೇನಲ್ಲ. ಕಚೇರಿಯಿಂದ ಒಂದು ನಮೂನೆ ಬರುತ್ತದೆ. ಅದರಲ್ಲಿ ಕಾಲಂಗಳಿರುತ್ತವೆ. ಪ್ರಕಟವಾದ ಲೇಖನಗಳೆಷ್ಟು, ನಡೆದ ವಿಚಾರ ಸಂಕಿರಣಗಳೆಷ್ಟು, ಬಂದ ಅತಿಥಿಗಳು ಯಾರು, ಪಿಎಚ್.ಡಿ. ಪಡೆದವರು ಯಾರು, ಯಾರಿಗೆ ಯಾವ ಪ್ರಶಸ್ತಿ. ಒಬ್ಬೊಬ್ಬರ ಕೊಠಡಿಗೂ ಹೋಗಿ ಮಾಹಿತಿ ಕೇಳಿ, ತಂದು ತುಂಬಬೇಕು. ಎರಡು ವಾರ ಅದನ್ನೇ ಮಾಡಿದೆ. ಕೊನೆಗೆ ಹನ್ನೆರಡು ಪುಟದ ವರದಿಯಾಯಿತು. ಓದಿ ನೋಡಿದರೆ ಅದರಲ್ಲಿ ಬರೆದದ್ದೆಲ್ಲ ನಿಜವೇ, ಆದರೆ ಆ ವರ್ಷ ನಮ್ಮ ವಿಭಾಗದಲ್ಲಿ ನಿಜವಾಗಿ ನಡೆದದ್ದು ಮಾತ್ರ ಅದರಲ್ಲಿ ಎಲ್ಲೂ ಇರಲಿಲ್ಲ.

ನನ್ನ ಮಟ್ಟಿಗೆ ಆ ವರ್ಷ ನಡೆದದ್ದು ಒಂದೇ ಒಂದು ಸಂಗತಿ. ನನ್ನ ಸಂಶೋಧನೆ ಬರಗಾಲದ ಪರಿಹಾರ ಕಾಮಗಾರಿಗಳ ಇತಿಹಾಸದ ಮೇಲೆ. ಕೆರೆ ಹೂಳೆತ್ತಿದ್ದು, ರಸ್ತೆಗೆ ಜಲ್ಲಿ ಹಾಕಿದ್ದು, ಅದಕ್ಕೆ ಎಷ್ಟು ಜನರಿಗೆ ಎಷ್ಟು ದಿನ ಕೂಲಿ ಸಿಕ್ಕಿತು ಎಂಬ ಲೆಕ್ಕ. ಮೂರನೆಯ ಅಧ್ಯಾಯ ಬರೆದು ಮುಗಿಸಿ ಕ್ಯಾಂಟೀನಿನಲ್ಲಿ ಕೂತು ಹೆಮ್ಮೆಯಿಂದ ಹೇಳುತ್ತಿದ್ದಾಗ, ರಾಯಚೂರು ಕಡೆಯ ಜೂನಿಯರ್ ಒಬ್ಬಳು ಚಹಾದ ಲೋಟ ಕೆಳಗಿಟ್ಟು ಕೇಳಿದಳು: "ಅಕ್ಕಾ, ಕೂಲಿ ರೊಕ್ಕ ಬಂತು ಅಂತ ಬರದೀರಿ, ಖರೆ. ಆ ರೊಕ್ಕ ಊರಾಗ ಎಷ್ಟ ದಿನ ಉಳೀತು ಅಂತ ಬರ್ದಿಲ್ಲಲ್ರೀ?" ನನ್ನ ಬಳಿ ಉತ್ತರ ಇರಲಿಲ್ಲ. ಆ ಒಂದು ಪ್ರಶ್ನೆಯಿಂದ ಅಧ್ಯಾಯವನ್ನು ಮತ್ತೆ ಮೊದಲಿನಿಂದ ಬರೆಯಬೇಕಾಯಿತು. ನಾಲ್ಕು ತಿಂಗಳ ನಂತರ ಆಕೆ ಮನೆಯ ಕಷ್ಟಕ್ಕೆ ಸಂಶೋಧನೆ ಬಿಟ್ಟು ಊರಿಗೆ ಹೋದಳು. ವರದಿಯ ಯಾವ ಕಾಲಂನಲ್ಲೂ ಆಕೆಯ ಹೆಸರು ಬರುವುದಿಲ್ಲ. ಲೇಖನವಿಲ್ಲ, ಪದವಿಯಿಲ್ಲ, ಪ್ರಶಸ್ತಿಯಿಲ್ಲ.

ಆ ಬೇಸರದಲ್ಲೇ ನಾನು ಮತ್ತೆ ಓದಿದ್ದು ಇನ್ನೊಂದು ಅರ್ಥಶಾಸ್ತ್ರ ವಿಭಾಗದ ಒಂದು ವರ್ಷದ ಕಥೆಯನ್ನು. 1930ರ ಅಕ್ಟೋಬರಿನಿಂದ 1931ರ ಬೇಸಿಗೆಯವರೆಗಿನ ಕೇಂಬ್ರಿಡ್ಜ್. ಅರ್ಥಶಾಸ್ತ್ರ ಓದಿದವರಿಗೆ ಈ ಕಥೆಯ ತುಣುಕುಗಳು ಗೊತ್ತಿರುತ್ತವೆ. ಆದರೆ ಅದನ್ನು ಒಂದು ವರ್ಷದ ವರದಿ ಎಂದು ಓದಿದಾಗ ನನಗೆ ಬೇರೆಯೇ ಏನೋ ಕಂಡಿತು.

ಕಾಲಂ ತುಂಬುವವರ ಕಣ್ಣಿನಿಂದ ನೋಡಿದರೆ ಆ ವರ್ಷ ಅಂಥ ಗದ್ದಲದ್ದೇನೂ ಅಲ್ಲ. ಆಲ್ಫ್ರೆಡ್ ಮಾರ್ಷಲ್ ಹಟ ಹಿಡಿದು 1903ರಲ್ಲಿ ಅರ್ಥಶಾಸ್ತ್ರಕ್ಕೆ ಪ್ರತ್ಯೇಕ ಪದವಿ ಪರೀಕ್ಷೆ ತಂದಿದ್ದ. ಅವನ ನಂತರ 1908ರಲ್ಲಿ ಪ್ರೊಫೆಸರ್ ಪೀಠಕ್ಕೆ ಬಂದ ಪಿಗೂ ಇನ್ನೂ ಅದೇ ಪೀಠದಲ್ಲಿದ್ದ. ಕೇನ್ಸ್ ಪ್ರೊಫೆಸರ್ ಅಲ್ಲ. ಕಿಂಗ್ಸ್ ಕಾಲೇಜಿನ ಫೆಲೊ, ಕಾಲೇಜಿನ ಹಣಕಾಸು ನೋಡಿಕೊಳ್ಳುವ ಬರ್ಸರ್, 'ಎಕನಾಮಿಕ್ ಜರ್ನಲ್' ಪತ್ರಿಕೆಯ ಸಂಪಾದಕ. ವಾರದ ಅರ್ಧ ದಿನ ಲಂಡನ್ನಿನಲ್ಲಿ, ಇನ್ನರ್ಧ ಕೇಂಬ್ರಿಡ್ಜಿನಲ್ಲಿ. 1930ರ ಅಕ್ಟೋಬರಿನಲ್ಲಿ ಅವನ ಎರಡು ಸಂಪುಟಗಳ 'ಎ ಟ್ರೀಟೀಸ್ ಆನ್ ಮನಿ' ಪ್ರಕಟವಾಯಿತು. ಮರುವರ್ಷ ಜೂನ್‌ನಲ್ಲಿ ರಿಚರ್ಡ್ ಕಾನ್ ಎಂಬ ಯುವ ಫೆಲೊನ ಒಂದು ಲೇಖನ ಬಂತು. ಪಿಯೆರೊ ಸ್ರಾಫಾ ಎಂಬ ಇಟಲಿಯ ಅಧ್ಯಾಪಕ ಪಾಠ ಮಾಡುವ ಹುದ್ದೆಗೆ ರಾಜೀನಾಮೆ ಕೊಟ್ಟ. ವಿಯೆನ್ನಾದಿಂದ ಒಬ್ಬ ಅತಿಥಿ ಬಂದು ಉಪನ್ಯಾಸ ಮಾಡಿ ಹೋದ. ವರದಿಗೆ ಇಷ್ಟೇ ಸಿಗುತ್ತದೆ.

ಅದೇ ವರ್ಷ ಊರಿನಾಚೆ ನಡೆಯುತ್ತಿದ್ದದ್ದು ಬೇರೆ. ಅಮೆರಿಕದ ಷೇರು ಮಾರುಕಟ್ಟೆ ಕುಸಿದು ಒಂದು ವರ್ಷವಾಗಿತ್ತು. ಬ್ರಿಟನ್ನಿನಲ್ಲಿ ನಿರುದ್ಯೋಗಿಗಳ ಸಂಖ್ಯೆ 20 ಲಕ್ಷ ದಾಟಿತ್ತು. ಸರ್ಕಾರ ರಸ್ತೆ, ಮನೆ, ಸೇತುವೆ ಕಟ್ಟಿಸಿ ಕೆಲಸ ಕೊಡಬಾರದೇಕೆ ಎಂದು ಕೇಳಿದರೆ ಹಣಕಾಸು ಇಲಾಖೆಯ ಉತ್ತರ ಸಿದ್ಧವಿತ್ತು: ದೇಶದಲ್ಲಿರುವ ಉಳಿತಾಯ ಇಷ್ಟೇ, ಸರ್ಕಾರ ಅದನ್ನು ತೆಗೆದುಕೊಂಡರೆ ಖಾಸಗಿಯವರಿಗೆ ಅಷ್ಟು ಕಡಿಮೆಯಾಗುತ್ತದೆ, ಒಂದು ಕಡೆ ಹುಟ್ಟಿದ ಕೆಲಸ ಇನ್ನೊಂದು ಕಡೆ ಸಾಯುತ್ತದೆ. 1929ರ ಚುನಾವಣೆಯ ಹೊತ್ತಿನಲ್ಲಿ ಕೇನ್ಸ್ ಮತ್ತು ಹ್ಯೂಬರ್ಟ್ ಹೆಂಡರ್ಸನ್ ಸೇರಿ ಇದನ್ನು ವಿರೋಧಿಸಿ ಒಂದು ಕಿರುಹೊತ್ತಿಗೆ ಬರೆದಿದ್ದರು. ಕಾಮಗಾರಿಯಲ್ಲಿ ನೇರವಾಗಿ ಕೆಲಸ ಪಡೆದವರಷ್ಟೇ ಅಲ್ಲ, ಅವರು ಖರ್ಚು ಮಾಡುವ ಹಣದಿಂದ ಇನ್ನಷ್ಟು ಜನರಿಗೆ ಕೆಲಸ ಸಿಗುತ್ತದೆ ಎಂದು ಅದರಲ್ಲಿ ಹೇಳಿದ್ದರು. ಆದರೆ ಎಷ್ಟು ಜನರಿಗೆ? ಅದಕ್ಕೆ ಲೆಕ್ಕ ಕೊಡಲು ಅವರಿಂದ ಆಗಿರಲಿಲ್ಲ. ಲೆಕ್ಕವಿಲ್ಲದ ಮಾತನ್ನು ಖಜಾನೆಯವರು ಒಪ್ಪುವುದಿಲ್ಲ.

ಇನ್ನು ಆರು ವರ್ಷಕ್ಕೂ ಹೆಚ್ಚು ಕಾಲ ಒದ್ದಾಡಿ ಬರೆದ 'ಟ್ರೀಟೀಸ್'. ಅದರ ಮುನ್ನುಡಿಯಲ್ಲೇ ಕೇನ್ಸ್ ಒಂದು ತಪ್ಪೊಪ್ಪಿಗೆ ಮಾಡಿಕೊಂಡಿದ್ದಾನೆ. ಬರೆಯುತ್ತ ಬರೆಯುತ್ತ ತನ್ನ ವಿಚಾರಗಳೇ ಬದಲಾದವು, ಹೀಗಾಗಿ ಮೊದಲು ಬರೆದ ಭಾಗಗಳಿಗೂ ಕೊನೆಯ ಭಾಗಗಳಿಗೂ ಸರಿಯಾಗಿ ಹೊಂದಿಕೆಯಿಲ್ಲ ಎಂಬ ಅರ್ಥದ ಮಾತು. ಪ್ರಬಂಧ ಬರೆಯುತ್ತಿರುವ ಯಾರಿಗಾದರೂ ಆ ಪುಟ ಓದಿದರೆ ಸಮಾಧಾನವಾಗುತ್ತದೆ. ಅದಕ್ಕಿಂತ ಮುಖ್ಯ, ಪುಸ್ತಕ ಅಂಗಡಿಗೆ ಬಂದ ಕೂಡಲೇ ಅವನ ಸುತ್ತಲಿನ ಹುಡುಗರು ಅದನ್ನು ಬಿಡಿಸಿ ನೋಡಲು ಕೂತದ್ದು.

ಹುಡುಗರು ಎಂದೆ. ಅವರ ವಯಸ್ಸನ್ನು ನಾನು ಒಂದು ಹಾಳೆಯಲ್ಲಿ ಬರೆದುಕೊಂಡಿದ್ದೇನೆ. ರಿಚರ್ಡ್ ಕಾನ್‌ಗೆ 25. ಭೌತಶಾಸ್ತ್ರ ಓದಿ, ಆಮೇಲೆ ಅರ್ಥಶಾಸ್ತ್ರಕ್ಕೆ ಬಂದವನು. ಜೇಮ್ಸ್ ಮೀಡ್‌ಗೆ 23. ಅವನು ಕೇಂಬ್ರಿಡ್ಜಿನವನೇ ಅಲ್ಲ, ಆಕ್ಸ್‌ಫರ್ಡಿನಲ್ಲಿ ಪಾಠ ಮಾಡುವುದಕ್ಕೆ ಮೊದಲು ಒಂದು ವರ್ಷ ಕಲಿಯಲೆಂದು ಬಂದವನು. ಜೋನ್ ರಾಬಿನ್ಸನ್‌ಗೆ 27. ಅವಳ ಗಂಡ ಆಸ್ಟಿನ್ ರಾಬಿನ್ಸನ್ ಮತ್ತು ಸ್ರಾಫಾ ಸ್ವಲ್ಪ ದೊಡ್ಡವರು, ಮೂವತ್ತು ದಾಟಿದ್ದರು. ಈ ಗುಂಪಿನಲ್ಲಿ ಇರಬೇಕಾಗಿದ್ದ ಇನ್ನೊಬ್ಬ, ಗಣಿತಜ್ಞ ಫ್ರಾಂಕ್ ರಾಮ್ಸೆ, ಅದೇ ವರ್ಷದ ಜನವರಿಯಲ್ಲಿ ತೀರಿಹೋಗಿದ್ದ. ಅವನಿಗೆ ಇನ್ನೂ 27 ತುಂಬಿರಲಿಲ್ಲ. ನನ್ನ ಓರಗೆಯವರು ಇವರೆಲ್ಲ.

ಈ ಐವರು ಮೊದಲು ಕಿಂಗ್ಸ್ ಕಾಲೇಜಿನಲ್ಲಿ ಕಾನ್‌ನ ಕೊಠಡಿಯಲ್ಲಿ ಸೇರುತ್ತಿದ್ದರು. ಆಮೇಲೆ ಕೆಲವು ಚುರುಕು ವಿದ್ಯಾರ್ಥಿಗಳನ್ನೂ ಸೇರಿಸಿಕೊಂಡು ಟ್ರಿನಿಟಿ ಕಾಲೇಜಿನಲ್ಲಿ ದೊಡ್ಡದಾಗಿ ನಡೆಸಿದರು. ವಿದ್ಯಾರ್ಥಿಗಳನ್ನು ಹಾಗೇ ಒಳಗೆ ಬಿಡುತ್ತಿರಲಿಲ್ಲ, ಸಣ್ಣ ಸಂದರ್ಶನ ಮಾಡಿ ಆರಿಸುತ್ತಿದ್ದರು. ಈ ಗುಂಪಿಗೆ 'ಸರ್ಕಸ್' ಎಂಬ ಹೆಸರು ಬಿತ್ತು. ಸೋಜಿಗವೆಂದರೆ ಯಾರ ಪುಸ್ತಕದ ಮೇಲೆ ಇಷ್ಟೆಲ್ಲ ಚರ್ಚೆ ನಡೆಯುತ್ತಿತ್ತೋ ಆ ಕೇನ್ಸ್ ಒಂದು ದಿನವೂ ಅಲ್ಲಿಗೆ ಬರಲಿಲ್ಲ. ವಾರದ ಕೊನೆಗೆ ಅವನು ಕೇಂಬ್ರಿಡ್ಜಿಗೆ ಬಂದಾಗ ಕಾನ್ ಹೋಗಿ ನಡೆದ ಚರ್ಚೆಯನ್ನೆಲ್ಲ ಒಪ್ಪಿಸುತ್ತಿದ್ದ. ಕೇನ್ಸ್ ಹೇಳಿದ್ದನ್ನು ಕೇಳಿಕೊಂಡು ಬಂದು ಇಲ್ಲಿ ಹೇಳುತ್ತಿದ್ದ. ಮೀಡ್ ಬಹಳ ವರ್ಷಗಳ ನಂತರ ಇದನ್ನು ಹಳೆಯ ಧಾರ್ಮಿಕ ನಾಟಕಕ್ಕೆ ಹೋಲಿಸಿದ: ಕೇನ್ಸ್ ರಂಗದ ಮೇಲೆ ಕಾಣಿಸಿಕೊಳ್ಳದ ದೇವರು, ಕಾನ್ ಅವನ ದೂತ. ನಮ್ಮಲ್ಲಾದರೆ ಉತ್ಸವಮೂರ್ತಿ ಇಲ್ಲದ ಜಾತ್ರೆ ಎನ್ನುತ್ತಿದ್ದೆವೇನೋ.

ಅಲ್ಲಿ ನಡೆದ ಒಂದು ಜಗಳವನ್ನು ಹೇಳಬೇಕು. 'ಟ್ರೀಟೀಸ್'ನಲ್ಲಿ ಕೇನ್ಸ್ ಬೈಬಲ್ಲಿನ ವಿಧವೆಯ ಎಣ್ಣೆಕುಡಿಕೆಯ ಕಥೆಯನ್ನು ತರುತ್ತಾನೆ. ಎಷ್ಟು ಸುರಿದರೂ ಬರಿದಾಗದ ಕುಡಿಕೆ, ನಮ್ಮ ದ್ರೌಪದಿಯ ಅಕ್ಷಯಪಾತ್ರೆಯಂಥದ್ದು. ಉದ್ಯಮಿಗಳು ತಮ್ಮ ಲಾಭವನ್ನು ಎಷ್ಟು ಖರ್ಚು ಮಾಡಿದರೂ ಅದು ಮತ್ತೆ ಉದ್ಯಮಿಗಳಿಗೇ ಲಾಭವಾಗಿ ಬಂದು ಸೇರುತ್ತದೆ ಎನ್ನುವುದು ಅವನ ವಾದ. ಹೇಗೆ? ಅವರು ಖರ್ಚು ಮಾಡಿದಾಗ ಸಾಮಾನಿನ ಬೆಲೆ ಏರುತ್ತದೆ, ಬೆಲೆ ಏರಿದಾಗ ಲಾಭ ಏರುತ್ತದೆ. ಕೇಳಲು ಸರಿಯಾಗಿದೆ. ಆದರೆ ಸರ್ಕಸ್ಸಿನವರಿಗೆ ಇದರಲ್ಲಿ ಒಂದು ಬಿರುಕು ಕಂಡಿತು. ಖರ್ಚು ಹೆಚ್ಚಾದಾಗ ಬೆಲೆಯೇ ಏಕೆ ಏರಬೇಕು? ಸಾಮಾನೇ ಹೆಚ್ಚು ತಯಾರಾಗಬಾರದೇಕೆ?

ಆಸ್ಟಿನ್ ರಾಬಿನ್ಸನ್ ಇದನ್ನು ಬಹಳ ಸರಳವಾಗಿ ಕೇಳಿದನಂತೆ. ಲಾಭ ಮಾಡಿದ ಒಬ್ಬ ಉದ್ಯಮಿ ಮನೆಗೆ ಹೋಗುವ ದಾರಿಯಲ್ಲಿ ನಿಂತು ಬೂಟಿಗೆ ಪಾಲಿಶ್ ಮಾಡಿಸಿಕೊಳ್ಳುತ್ತಾನೆ ಎನ್ನೋಣ. ಅದರಿಂದ ಪಾಲಿಶ್ ದರ ಮಾತ್ರ ಏರುತ್ತದೆಯೇ? ಪಾಲಿಶ್ ಆಗುವ ಬೂಟುಗಳ ಸಂಖ್ಯೆ ಏರುವುದಿಲ್ಲವೇ? ಊರ ತುಂಬ ಕೆಲಸವಿಲ್ಲದ ಜನ ಕೂತಿರುವಾಗ, ಬೀದಿಯ ಮೂಲೆಯಲ್ಲಿ ಬ್ರಷ್ ಹಿಡಿದು ಗಿರಾಕಿಗೆ ಕಾಯುತ್ತಿರುವವರು ಎಷ್ಟೋ ಮಂದಿ ಇರುವಾಗ, ಉತ್ಪಾದನೆ ಇದ್ದಷ್ಟೇ ಇರುತ್ತದೆ ಎಂದು ಹಿಡಿಯುವುದು ಹೇಗೆ? ಎರಡು ಸಂಪುಟಗಳ ಪುಸ್ತಕ ನಿಂತಿದ್ದ ನೆಲವನ್ನೇ ಈ ಪ್ರಶ್ನೆ ಅಲುಗಿಸಿತು. ಬೆಲೆ ಏಕೆ ಏರಿಳಿಯುತ್ತದೆ ಎಂದು ಕೇಳುತ್ತಿದ್ದ ಅರ್ಥಶಾಸ್ತ್ರವನ್ನು, ಉತ್ಪಾದನೆ ಮತ್ತು ಉದ್ಯೋಗ ಏಕೆ ಏರಿಳಿಯುತ್ತದೆ ಎಂದು ಕೇಳುವ ಕಡೆಗೆ ತಿರುಗಿಸಿದ ಪ್ರಶ್ನೆಗಳಲ್ಲಿ ಇದೂ ಒಂದು. ಆ ತಿರುವಿನ ಕೊನೆಗೆ 1936ರಲ್ಲಿ ಬಂದದ್ದು 'ಜನರಲ್ ಥಿಯರಿ'.

ಅದೇ ವರ್ಷದ ಜನವರಿಯಲ್ಲಿ ಬಂದ ಅತಿಥಿ ಫ್ರೆಡ್ರಿಕ್ ಹಯೆಕ್. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಉಪನ್ಯಾಸ ಕೊಡಲು ಬಂದವನು ಕೇಂಬ್ರಿಡ್ಜಿನ ಮಾರ್ಷಲ್ ಸೊಸೈಟಿಯಲ್ಲೂ ಮಾತಾಡಿದ. ಆರ್ಥಿಕ ಕುಸಿತಕ್ಕೆ ಕಾರಣ ಹಿಂದೆ ಆದ ಅತಿಯಾದ ಸಾಲ ಮತ್ತು ತಪ್ಪು ಹೂಡಿಕೆ, ಈಗ ಖರ್ಚು ಹೆಚ್ಚಿಸಿದರೆ ಗಾಯ ಇನ್ನಷ್ಟು ಕೆದರುತ್ತದೆ ಎಂಬುದು ಅವನ ನಿಲುವು. ಬೋರ್ಡಿನ ತುಂಬ ತ್ರಿಕೋನಗಳನ್ನು ಬರೆದ. ಮಾತು ಮುಗಿದ ಮೇಲೆ ಸಭೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ಆ ಮೌನ ಮುರಿಯಲೆಂದು ಕಾನ್ ಎದ್ದು ಕೇಳಿದ: ನಾಳೆ ನಾನು ಅಂಗಡಿಗೆ ಹೋಗಿ ಒಂದು ಹೊಸ ಓವರ್‌ಕೋಟ್ ಕೊಂಡರೆ ನಿರುದ್ಯೋಗ ಹೆಚ್ಚಾಗುತ್ತದೆಯೇ? ಹೌದು, ಆದರೆ ಅದನ್ನು ವಿವರಿಸಲು ಉದ್ದದ ಗಣಿತ ಬೇಕಾಗುತ್ತದೆ ಎಂದು ಹಯೆಕ್ ಬೋರ್ಡಿನ ಕಡೆ ಕೈತೋರಿದ.

ಈ ಪ್ರಸಂಗವನ್ನು ಕೇಂಬ್ರಿಡ್ಜಿನವರು ನಗುತ್ತ ಹೇಳುತ್ತ ಬಂದಿದ್ದಾರೆ. ನಾನೂ ಮೊದಲು ಓದಿದಾಗ ನಕ್ಕೆ. ಈಗ ಅಷ್ಟು ಸುಲಭವಾಗಿ ನಗು ಬರುವುದಿಲ್ಲ. ಕಥೆ ಹೇಳಿದವರೆಲ್ಲ ಒಂದೇ ಪಕ್ಷದವರು. ಹಯೆಕ್‌ಗೆ ಆಗ 31 ವರ್ಷ, ತನ್ನದಲ್ಲದ ಭಾಷೆಯಲ್ಲಿ, ತನ್ನದಲ್ಲದ ಊರಿನಲ್ಲಿ, ಬೇರೆಯೇ ಪರಂಪರೆಯ ವಿಚಾರವನ್ನು ಹೇಳುತ್ತಿದ್ದ. ಕನ್ನಡ ಮಾಧ್ಯಮದಲ್ಲಿ ಓದಿ ಬಂದು ಮೊದಲ ಸಲ ಇಂಗ್ಲಿಷ್ ಸೆಮಿನಾರಿನಲ್ಲಿ ನಿಂತ ನಮ್ಮಂಥವರಿಗೆ ಸಭೆಯ ಆ ಮೌನ ಎಂಥದ್ದೆಂದು ಗೊತ್ತು. ಅವನ ಉತ್ತರ ತಪ್ಪಿರಬಹುದು. ಆದರೆ ಕಾನ್‌ನ ಪ್ರಶ್ನೆ ಗೆದ್ದದ್ದು ಅದು ಸರಳವಾಗಿದ್ದುದಕ್ಕೆ. ಸಿದ್ಧಾಂತವನ್ನು ಬೋರ್ಡಿನಿಂದ ಇಳಿಸಿ ಒಂದು ಕೋಟಿನ ಅಂಗಡಿಗೆ ತಂದು ನಿಲ್ಲಿಸಿತು ಅದು.

ಕಾನ್‌ನ ಜೂನ್ ತಿಂಗಳ ಲೇಖನವೂ ಅಂಥದ್ದೇ ಒಂದು ಪ್ರಶ್ನೆಗೆ ಉತ್ತರ. 1930ರ ಬೇಸಿಗೆಯಲ್ಲಿ ಆಸ್ಟ್ರಿಯಾದ ಬೆಟ್ಟಗಳಿಗೆ ಹೋದಾಗ ಅದರ ಮೊದಲ ಕರಡು ಬರೆದದ್ದು. ಕೇನ್ಸ್ ಲೆಕ್ಕ ಕೊಡಲಾಗದೆ ಬಿಟ್ಟಿದ್ದ ಜಾಗಕ್ಕೆ ಇವನು ಲೆಕ್ಕ ಹಾಕಿದ. ನಮ್ಮ ಊರಿನ ಉದಾಹರಣೆಯಲ್ಲೇ ಹೇಳುತ್ತೇನೆ. ಕೆರೆ ಕೆಲಸಕ್ಕೆ ಹೋದವಳಿಗೆ 100 ರೂಪಾಯಿ ಕೂಲಿ ಬಂತು. ಅದರಲ್ಲಿ 60 ರೂಪಾಯಿಯನ್ನು ಅವಳು ಊರಿನ ಅಂಗಡಿಯಲ್ಲಿ ಖರ್ಚು ಮಾಡಿದಳು. ಅಂಗಡಿಯವನು ಆ 60ರಲ್ಲಿ ಅದೇ ಪ್ರಮಾಣದಲ್ಲಿ, ಅಂದರೆ 36 ರೂಪಾಯಿಯನ್ನು ಊರಿನಲ್ಲೇ ಖರ್ಚು ಮಾಡಿದ. ಅದು ಸಿಕ್ಕವನು 21 ರೂಪಾಯಿ 60 ಪೈಸೆ. ಹೀಗೆ ಪ್ರತಿ ಸುತ್ತಿನಲ್ಲೂ ಮೊತ್ತ ಕಿರಿದಾಗುತ್ತ ಹೋಗುತ್ತದೆ. ಎಲ್ಲವನ್ನೂ ಕೂಡಿಸಿದರೆ 250 ರೂಪಾಯಿಯ ಆದಾಯ. ನೂರು ಎರಡೂವರೆ ಪಟ್ಟಾಯಿತು. ಕಾನ್ ಇದನ್ನು ಉದ್ಯೋಗದ ಲೆಕ್ಕದಲ್ಲಿ ಬರೆದ. ನೇರವಾಗಿ ಹುಟ್ಟುವ ಕೆಲಸ ಇಷ್ಟಾದರೆ ಅದರ ಬೆನ್ನಿಗೆ ಹುಟ್ಟುವ ಕೆಲಸ ಎಷ್ಟು ಎಂಬ ಅನುಪಾತ. ಮುಂದೆ ಅದೇ 'ಗುಣಕ' ಎಂದು ಪಠ್ಯಪುಸ್ತಕ ಸೇರಿತು. ನಮ್ಮ ಪಿಯುಸಿ ಪುಸ್ತಕದಲ್ಲೂ ಇದೆ.

ಪಠ್ಯಪುಸ್ತಕದಲ್ಲಿ ನಾವು ಓದುವುದು ಎಷ್ಟು ಪಟ್ಟು ಬೆಳೆಯುತ್ತದೆ ಎಂಬುದನ್ನು. ಕಾನ್ ಅಷ್ಟೇ ಶ್ರದ್ಧೆಯಿಂದ ನೋಡಿದ್ದು ಎಲ್ಲಿ ಸೋರುತ್ತದೆ ಎಂಬುದನ್ನು. ಹೊರದೇಶದ ಸಾಮಾನು ಕೊಳ್ಳಲು ಹೋದದ್ದೆಷ್ಟು, ಖರ್ಚಾಗದೆ ಉಳಿದ ಲಾಭವೆಷ್ಟು, ನಿರುದ್ಯೋಗಿಗಳಿಗೆ ಕೊಡುತ್ತಿದ್ದ ಭತ್ಯೆಯಲ್ಲಿ ಸರ್ಕಾರಕ್ಕೆ ಉಳಿದದ್ದೆಷ್ಟು. ಈ ಸೋರಿಕೆಗಳನ್ನೆಲ್ಲ ಕೂಡಿಸಿದರೆ ಮೊದಲು ಹಾಕಿದ ಹೂಡಿಕೆಗೆ ಸರಿಹೊಂದುತ್ತದೆ ಎಂದು ತೋರಿಸಿದ್ದು ಮೀಡ್. ಕಾನ್ ಅದನ್ನು ತನ್ನ ಲೇಖನದಲ್ಲಿ 'ಮಿಸ್ಟರ್ ಮೀಡ್ ಅವರ ಸಂಬಂಧ' ಎಂದೇ ಹೆಸರಿಸಿದ. 23ರ ಹರೆಯದ, ಒಂದು ವರ್ಷಕ್ಕೆಂದು ಬಂದ ಹುಡುಗನ ಹೆಸರು ಹಾಗೆ ಉಳಿಯಿತು. ಉಳಿತಾಯ ಇಷ್ಟೇ ಇದೆ ಎನ್ನುತ್ತಿದ್ದ ಖಜಾನೆಯ ವಾದಕ್ಕೆ ಇದೇ ಉತ್ತರ. ಹೂಡಿಕೆಗೆ ಬೇಕಾದ ಉಳಿತಾಯವನ್ನು ಹೂಡಿಕೆಯೇ ಹುಟ್ಟಿಸುತ್ತದೆ.

ಇದನ್ನು ಓದುವಾಗ ನನಗೆ ಕ್ಯಾಂಟೀನಿನ ಪ್ರಶ್ನೆ ನೆನಪಾಯಿತು. ರೊಕ್ಕ ಊರಾಗ ಎಷ್ಟ ದಿನ ಉಳೀತು? ಕೂಲಿಯಲ್ಲಿ 60ರ ಬದಲು 20 ರೂಪಾಯಿ ಮಾತ್ರ ಊರಿನಲ್ಲಿ ಸುತ್ತಿದರೆ 250 ಎನ್ನುವುದು 125ಕ್ಕೆ ಇಳಿಯುತ್ತದೆ. ಸಾಹುಕಾರನ ಸಾಲಕ್ಕೆ, ಪೇಟೆಯ ಧಾನ್ಯದ ವ್ಯಾಪಾರಿಗೆ ಉಳಿದದ್ದು ಹೋದರೆ ಕೆರೆಯ ಹೂಳಿನ ಜೊತೆ ಹಣವೂ ಊರಾಚೆ ಹೋದ ಹಾಗೆ. ನನ್ನ ಜೂನಿಯರ್ ಕಾನ್‌ನ ಲೇಖನ ಓದಿರಲಿಲ್ಲ. ಸಂಬಳದ ದಿನ ಸಂತೆ ನೋಡಿದ್ದಳು, ಅಷ್ಟೇ.

ಆ ವರ್ಷದ ವಿಭಾಗದಲ್ಲಿ ಕಾಲಂಗೆ ಸಿಗದವರು ಇನ್ನಿಬ್ಬರು. ಒಬ್ಬಳು ಜೋನ್. ಗರ್ಟನ್ ಕಾಲೇಜಿನಲ್ಲಿ ಓದಿ 1925ರಲ್ಲಿ ಪರೀಕ್ಷೆ ಮುಗಿಸಿದ್ದಳು. ಆದರೆ ಕೇಂಬ್ರಿಡ್ಜ್ ಹೆಂಗಸರನ್ನು ವಿಶ್ವವಿದ್ಯಾಲಯದ ಪೂರ್ಣ ಸದಸ್ಯರೆಂದು ಒಪ್ಪಿ ಪದವಿ ಕೊಡಲು 1948 ಬರಬೇಕಾಯಿತು. ಅಲ್ಲಿಯವರೆಗೆ ಹೆಸರಿಗಷ್ಟೇ ಪದವಿ. 1926ರಲ್ಲಿ ಮದುವೆಯಾಗಿ ಗಂಡನ ಜೊತೆ ಗ್ವಾಲಿಯರಿಗೆ ಬಂದಿದ್ದಳು. ಬಾಲಕ ಮಹಾರಾಜನಿಗೆ ಪಾಠ ಹೇಳುವ ಕೆಲಸ ಆಸ್ಟಿನ್‌ಗೆ ಸಿಕ್ಕಿತ್ತು. 1930ರ ಹೊತ್ತಿಗೆ ಕೇಂಬ್ರಿಡ್ಜಿನಲ್ಲಿ ಅವಳು ಗಟ್ಟಿ ಹುದ್ದೆಯಿಲ್ಲದ, ಅಧ್ಯಾಪಕನೊಬ್ಬನ ಹೆಂಡತಿ. ಆದರೆ ಸರ್ಕಸ್ಸಿನ ಚರ್ಚೆಗಳಲ್ಲಿ ಅವಳ ಮಾತು ಎಲ್ಲರ ಮಾತಿನಷ್ಟೇ ಹರಿತ. ಅದೇ ಹೊತ್ತಿನಲ್ಲಿ ಕಾನ್ ಜೊತೆ ಚರ್ಚಿಸುತ್ತ ಬರೆಯುತ್ತಿದ್ದ ಅವಳ ಪುಸ್ತಕ, 'ದಿ ಎಕನಾಮಿಕ್ಸ್ ಆಫ್ ಇಂಪರ್ಫೆಕ್ಟ್ ಕಾಂಪಿಟಿಷನ್', 1933ರಲ್ಲಿ ಬಂತು. ಅವಳು ಪ್ರೊಫೆಸರ್ ಆದದ್ದು 1965ರಲ್ಲಿ.

ಇನ್ನೊಬ್ಬ ಸ್ರಾಫಾ. ಮುಸೊಲಿನಿಯ ಇಟಲಿಯಿಂದ ಕೇನ್ಸ್‌ನ ಕರೆಯ ಮೇಲೆ 1927ರಲ್ಲಿ ಬಂದವನು. ಸೆರೆಮನೆಯಲ್ಲಿದ್ದ ಗೆಳೆಯ ಗ್ರಾಮ್ಷಿಗೆ ಪುಸ್ತಕಗಳು ಸಿಗಲೆಂದು ಮಿಲಾನಿನ ಅಂಗಡಿಯಲ್ಲಿ ಖಾತೆ ತೆರೆಸಿ ದುಡ್ಡು ಕಟ್ಟುತ್ತಿದ್ದವನು. ಪಾಠ ಮಾಡುವುದೆಂದರೆ ಅವನಿಗೆ ಪ್ರಾಣಸಂಕಟ. 1931ರಲ್ಲಿ ಆ ಹುದ್ದೆ ಬಿಟ್ಟ. ಅವನನ್ನು ಕಳೆದುಕೊಳ್ಳಬಾರದೆಂದು ಮಾರ್ಷಲ್ ಗ್ರಂಥಾಲಯದ ಕೆಲಸ ಮತ್ತು ಸಂಶೋಧನಾ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಕೆಲಸ ಕೊಟ್ಟು ಉಳಿಸಿಕೊಂಡರು. 1930ರಲ್ಲೇ ಅವನಿಗೆ ರಿಕಾರ್ಡೊನ ಸಮಗ್ರ ಕೃತಿಗಳ ಸಂಪಾದನೆಯನ್ನು ಒಪ್ಪಿಸಿದ್ದರು. ಮೊದಲ ಸಂಪುಟಗಳು ಹೊರಬಂದದ್ದು 1951ರಲ್ಲಿ. ಕೊನೆಯ ಸಂಪುಟವಾದ ಪದಸೂಚಿ ಬಂದದ್ದು 1973ರಲ್ಲಿ. ಇಪ್ಪತ್ತು ವರ್ಷ ಅವನ ಹೆಸರಿನ ಎದುರು ವಾರ್ಷಿಕ ವರದಿಯಲ್ಲಿ ಏನು ಬರೆಯಬೇಕಿತ್ತು? 'ಪ್ರಗತಿಯಲ್ಲಿದೆ' ಎಂದೇ? ಕಾನ್‌ನ ಕಥೆಯೂ ಇಂಥದ್ದೇ. 1929ರಲ್ಲಿ ಫೆಲೊಶಿಪ್ಪಿಗಾಗಿ ಬರೆದ ಅವನ ಪ್ರಬಂಧ ಇಂಗ್ಲಿಷಿನಲ್ಲಿ ಪುಸ್ತಕವಾದದ್ದು 1989ರಲ್ಲಿ, ಅವನು ತೀರಿಕೊಂಡ ವರ್ಷ.

1931ರ ಬೇಸಿಗೆಗೆ ಸರ್ಕಸ್ ಮುಗಿಯಿತು. ಮೀಡ್ ಆಕ್ಸ್‌ಫರ್ಡಿಗೆ ಹಿಂದಿರುಗಿದ. ಅದೇ ಆಗಸ್ಟ್‌ನಲ್ಲಿ ಲೇಬರ್ ಸರ್ಕಾರ ಬಿತ್ತು. ಸೆಪ್ಟೆಂಬರ್ 21ರಂದು ಬ್ರಿಟನ್ ಸುವರ್ಣ ಪ್ರಮಿತಿಯನ್ನು ಕೈಬಿಟ್ಟಿತು. ಆ ನಿರ್ಧಾರದ ಬಿಸಿ ನಮ್ಮ ಊರುಗಳಿಗೂ ತಟ್ಟಿತು. ರೂಪಾಯಿಯನ್ನು ಪೌಂಡಿಗೇ ಕಟ್ಟಿಹಾಕಿ, ಒಂದು ರೂಪಾಯಿಗೆ ಒಂದು ಶಿಲಿಂಗ್ ಆರು ಪೆನ್ಸ್ ಎಂಬ ದರವನ್ನೇ ಮುಂದುವರಿಸಿದರು. ಪೌಂಡಿನ ಜೊತೆ ರೂಪಾಯಿಯೂ ಇಳಿದು ಚಿನ್ನದ ಬೆಲೆ ಏರಿತು. ಅತ್ತ ಬೆಳೆಯ ಬೆಲೆ ನೆಲಕಚ್ಚಿತ್ತು, ಆದರೆ ಕಂದಾಯ ಮತ್ತು ಸಾಲದ ಬಡ್ಡಿ ಇಳಿದಿರಲಿಲ್ಲ. ರೈತರ ಮನೆಗಳಿಂದ ಓಲೆ, ಬಳೆ, ಸರ ಹೊರಬಂದವು. ಶತಮಾನಗಳಿಂದ ಚಿನ್ನ ತರಿಸಿಕೊಳ್ಳುತ್ತಿದ್ದ ದೇಶ ಚಿನ್ನ ಕಳಿಸುವ ದೇಶವಾಯಿತು. ಕೇನ್ಸ್ ವೃತ್ತಿ ಆರಂಭಿಸಿದ್ದೇ ಲಂಡನ್ನಿನ ಇಂಡಿಯಾ ಆಫೀಸಿನಲ್ಲಿ. 1913ರ ಅವನ ಮೊದಲ ಪುಸ್ತಕ ಭಾರತದ ನಾಣ್ಯ ವ್ಯವಸ್ಥೆಯ ಬಗ್ಗೆ. ಆದರೆ ಅವನು ಒಮ್ಮೆಯೂ ಇಲ್ಲಿಗೆ ಬರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಸರ್ಕಸ್ ತನ್ನ ಸಭೆಗಳ ನಡಾವಳಿ ಬರೆದಿಡಲಿಲ್ಲ. ಅದರ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಅದರಲ್ಲಿದ್ದವರು ಹಲವು ದಶಕಗಳ ನಂತರ ನೆನಪಿನಿಂದ ಹೇಳಿದ್ದು. ಕೇನ್ಸ್‌ನ ವಿಚಾರ ಬದಲಾದದ್ದಕ್ಕೆ ಈ ಗುಂಪಿಗೆ ಅಷ್ಟೊಂದು ಶ್ರೇಯ ಕೊಡಬೇಕೇ ಎಂದು ಡಾನ್ ಪಟಿಂಕಿನ್ ಅಂಥ ವಿದ್ವಾಂಸರು ಸಂಶಯಪಟ್ಟಿದ್ದಾರೆ. ಅದು ನ್ಯಾಯವಾದ ಸಂಶಯವೇ. ವಯಸ್ಸಾದ ಮೇಲೆ ಯೌವನದ ಸಂಜೆಗಳು ಎಲ್ಲರಿಗೂ ದೊಡ್ಡದಾಗಿಯೇ ಕಾಣುತ್ತವೆ. ಆದರೆ 'ಜನರಲ್ ಥಿಯರಿ'ಯ ಮುನ್ನುಡಿಯಲ್ಲಿ ಕೇನ್ಸ್ ಕಾನ್ ಮತ್ತು ಜೋನ್ ಹೆಸರು ಹೇಳಿ ಋಣ ಒಪ್ಪಿಕೊಂಡಿದ್ದಾನೆ. ಅದು ನೆನಪಲ್ಲ, ಅಚ್ಚಾದ ದಾಖಲೆ. ಆ ಎರಡು ಸಾಲು ಇಲ್ಲದಿದ್ದರೆ ಉಳಿದ ನೆನಪುಗಳನ್ನು ನಂಬುವುದು ಇನ್ನಷ್ಟು ಕಷ್ಟವಾಗುತ್ತಿತ್ತು.

ಗುಣಕದ ಕಥೆ ಕೇಂಬ್ರಿಡ್ಜಿನಲ್ಲಿ ಮುಗಿಯಲಿಲ್ಲ. ಅಲ್ಲೇ ಪಿಎಚ್.ಡಿ. ಮಾಡಿದ ವಿ.ಕೆ.ಆರ್.ವಿ. ರಾವ್ ನಮಗೆ ಅಪರಿಚಿತರಲ್ಲ. ಬಳ್ಳಾರಿಯಿಂದ ಲೋಕಸಭೆಗೆ ಆರಿಸಿಬಂದವರು, ಕೇಂದ್ರ ಸಚಿವರಾಗಿದ್ದವರು, 1972ರಲ್ಲಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನು ಕಟ್ಟಿದವರು. ಅವರು ಪ್ರಬಂಧಕ್ಕೆ ಆರಿಸಿಕೊಂಡದ್ದು 1931-32ನೇ ಸಾಲಿನ ಬ್ರಿಟಿಷ್ ಇಂಡಿಯಾದ ರಾಷ್ಟ್ರೀಯ ಆದಾಯ, ಅಂದರೆ ಸರ್ಕಸ್ ಮುಗಿದ ಮರುವರ್ಷದ ಭಾರತ. 1949ರಲ್ಲಿ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಸ್ಥಾಪಿಸಿ, ಅಲ್ಲಿಂದ 1952ರಲ್ಲಿ ಹೊರಟ 'ಇಂಡಿಯನ್ ಎಕನಾಮಿಕ್ ರಿವ್ಯೂ'ನ ಮೊದಲ ಸಂಚಿಕೆಯಲ್ಲಿ ಅವರು ಒಂದು ಲೇಖನ ಬರೆದರು. ಹಿಂದುಳಿದ ದೇಶದಲ್ಲಿ ಗುಣಕ ಕೆಲಸ ಮಾಡುತ್ತದೆಯೇ ಎಂಬುದೇ ಅದರ ಪ್ರಶ್ನೆ.

ಅವರ ಉತ್ತರ: ಕೇಂಬ್ರಿಡ್ಜಿನವರು ಅಂದುಕೊಂಡ ಹಾಗೆ ಮಾಡುವುದಿಲ್ಲ. ಬ್ರಿಟನ್ನಿನಲ್ಲಿ ಯಂತ್ರಗಳು ನಿಂತಿದ್ದವು, ಕೆಲಸಗಾರರು ಹೊರಗೆ ಕೂತಿದ್ದರು, ಬೇಡಿಕೆ ಬಂದರೆ ಎರಡೂ ಸೇರಿ ಉತ್ಪಾದನೆ ಏರುತ್ತಿತ್ತು. ಭಾರತದ ನಿರುದ್ಯೋಗ ಮನೆಯ ಹೊಲದಲ್ಲೇ ಅಡಗಿ ಕೂತಿದೆ. ಒಬ್ಬರು ಮಾಡುವ ಕೆಲಸವನ್ನು ಮೂವರು ಹಂಚಿಕೊಂಡಿದ್ದಾರೆ. ಕೈಗೆ ಹಣ ಬಂದರೆ ಮೊದಲು ಕೊಳ್ಳುವುದು ಧಾನ್ಯವನ್ನು. ಆದರೆ ಧಾನ್ಯದ ಬೆಳೆ ಬೇಡಿಕೆ ಬಂತೆಂದು ಮಾರನೆಯ ದಿನ ಹೆಚ್ಚಾಗುವುದಿಲ್ಲ. ಬೆಳೆದವನೂ ಕೈ ತುಂಬಿದಾಗ ಮಾರುವುದನ್ನು ಕಡಿಮೆ ಮಾಡಿ ತಾನೇ ಒಂದು ಹೊತ್ತು ಹೆಚ್ಚು ಉಣ್ಣುತ್ತಾನೆ. ಹೀಗಾಗಿ ಇಲ್ಲಿ ಹಣದ ಆದಾಯ ಸುತ್ತು ಸುತ್ತಾಗಿ ಏರುತ್ತದೆ, ಉತ್ಪಾದನೆ ಮತ್ತು ಉದ್ಯೋಗ ಅದರ ಹಿಂದೆ ಏರುವುದಿಲ್ಲ, ಬೆಲೆ ಏರುತ್ತದೆ. ಆಸ್ಟಿನ್ ಕೇಳಿದ ಬೂಟ್ ಪಾಲಿಶ್ ಪ್ರಶ್ನೆಯನ್ನೇ ರಾವ್ ಅವರು ಬೇರೆ ನೆಲದಲ್ಲಿ ನಿಂತು ಕೇಳಿದರು, ಬೇರೆ ಉತ್ತರ ಬಂತು. ಆ ಉತ್ತರದ ಬಗ್ಗೆ ಮುಂದೆ ಬಹಳ ಚರ್ಚೆಯಾಗಿದೆ, ಆಗಬೇಕಾದದ್ದೇ. ಆದರೆ ಕಲಿತ ಶಾಲೆಯ ಸೂತ್ರವನ್ನು ಊರಿಗೆ ತಂದು ಹಾಗೇ ಹಚ್ಚದೆ, ಇಲ್ಲಿಯ ಹೊಲ, ಇಲ್ಲಿಯ ಅಂಗಡಿ ನೋಡಿ ಮತ್ತೆ ಕೇಳಿದರಲ್ಲ, ಅದು ನನಗೆ ಮುಖ್ಯ.

ನಾನು ಕೇಂಬ್ರಿಡ್ಜನ್ನು ಕೊಂಡಾಡಲು ಇದನ್ನು ಬರೆಯುತ್ತಿಲ್ಲ. ಅದು ಶ್ರೀಮಂತ ಸಾಮ್ರಾಜ್ಯದ ಶ್ರೀಮಂತ ಕಾಲೇಜು. ಕೂತು ಹರಟಲು ಅವರಿಗೆ ಬೆಚ್ಚಗಿನ ಕೊಠಡಿಗಳಿದ್ದವು. ಒಳಗೆ ಬರುವವರನ್ನು ಆರಿಸಿ ಬಿಡುತ್ತಿದ್ದರು. ನಮ್ಮಲ್ಲಿ ಫೆಲೊಶಿಪ್ ತಡವಾದರೆ ಮೆಸ್ಸಿನ ಬಾಕಿ ಏರುತ್ತದೆ, ಒಂದು ವರ್ಷ ತಡವಾದರೆ ಓದೇ ನಿಲ್ಲುತ್ತದೆ. ನನ್ನ ಜೂನಿಯರ್‌ಗೆ ಆದದ್ದು ಹೀಗೆಯೇ. ಆದರೂ ವಿಚಾರ ಹುಟ್ಟುವ ಬಗೆ ಎರಡೂ ಕಡೆ ಒಂದೇ. ಯಾರೋ ಬರೆಯುತ್ತಾರೆ, ಪಕ್ಕದಲ್ಲಿ ಕೂತ ಇನ್ಯಾರೋ ಒಂದು ಸರಳ ಪ್ರಶ್ನೆ ಕೇಳುತ್ತಾರೆ. ಬರೆದವನ ಹೆಸರು ಉಳಿಯುತ್ತದೆ. ಕೇಳಿದವರ ಹೆಸರು ಉಳಿಯಬೇಕಾದರೆ ಬರೆದವನು ಅದನ್ನು ಹೇಳಬೇಕು. ಕೇನ್ಸ್ ಹೇಳಿದ, ಕಾನ್ ಹೇಳಿದ.

ವರದಿಯನ್ನು ಕಚೇರಿಗೆ ಕೊಡುವ ಮೊದಲು 'ಇತರೆ' ಎಂಬ ಕಾಲಂನಲ್ಲಿ ಆ ಕ್ಯಾಂಟೀನಿನ ಚರ್ಚೆಯ ಬಗ್ಗೆ ಎರಡು ಸಾಲು ಸೇರಿಸಿದ್ದೆ. ಗೈಡ್ ಓದಿ ನಕ್ಕರು. "ಇದು ಇಲ್ಲಿಗೆ ಬೇಡಮ್ಮ, ನಿನ್ನ ಪ್ರಬಂಧದಲ್ಲಿ ಹಾಕು" ಎಂದರು. ಸರಿಯಾದ ಮಾತೇ. ಮೂರನೆಯ ಅಧ್ಯಾಯದ ಮೊದಲ ಪುಟದಲ್ಲಿ, ಈ ಅಧ್ಯಾಯದ ಪ್ರಶ್ನೆ ನನ್ನದಲ್ಲ ಎಂದು ಬರೆದು, ಯಾರದೆಂದು ಹೆಸರು ಹಾಕಿದ್ದೇನೆ. ಈಗ ಆಕೆ ತನ್ನ ತಾಲೂಕಿನ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯು‌ತ್ತಾಳೆ. ಮೊನ್ನೆ ಫೋನಿನಲ್ಲಿ ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: "ಅಕ್ಕಾ, ಅದಿರ್ಲಿ. ರೊಕ್ಕ ಎಷ್ಟ ದಿನ ಉಳೀತು ಅಂತ ಗೊತ್ತಾತೇನು?"

ಇನ್ನೂ ಹುಡುಕುತ್ತಿದ್ದೇನೆ ಎಂದೆ.